ಬಳಸದ ಕಾರ್ಡೂ ಶೆಟ್ಟರ ಲೆಕ್ಕದ ಪುಸ್ತಕವೂ

ಆಫೀಸಿಗೆ ಹೊಸದಾಗಿ ಸೇರೋ ಹುಡುಗರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಸರ್, ಒಂದು ಕ್ರೆಡಿಟ್ ಕಾರ್ಡ್ ಸುಮ್ನೆ ಬಿದ್ದಿದೆ. ಕ್ಲೋಸ್ ಮಾಡಿಸಿದ್ರೆ ಸ್ಕೋರ್ ಜಾಸ್ತಿ ಆಗುತ್ತಾ?" ಉತ್ತರ ಬಹುಪಾಲು ಉಲ್ಟಾ. ಸುಮ್ಮನೆ ಬಿದ್ದಿರೋ ಕಾರ್ಡು ಸ್ಕೋರನ್ನು ಕೆಡಿಸೋದಿಲ್ಲ, ಅದನ್ನು ಮುಚ್ಚಿದರೇ ಸ್ಕೋರ್ ಇಳಿಯುವ ಸಂಭವ ಹೆಚ್ಚು. ಸಾಲ ಮಾಡದವನೇ ಮರ್ಯಾದಸ್ಥ ಅಂತ ಕೇಳಿಕೊಂಡು ಬೆಳೆದ ನಮ್ಮಂಥ ಹಳ್ಳಿಯವರಿಗೆ ಇದು ತಲೆಕೆಳಗಾದ ನ್ಯಾಯ ಅನ್ನಿಸುತ್ತೆ. ಇದು ಶುರುವಾಗಿದ್ದು ಎಲ್ಲಿ ಅಂತ ಹುಡುಕಿಕೊಂಡು ಹೋದರೆ ನ್ಯೂಯಾರ್ಕಿನ ಒಂದು ರೇಷ್ಮೆ ಅಂಗಡಿಗೆ ಹೋಗಿ ಮುಟ್ಟುತ್ತೇವೆ.

1837ರಲ್ಲಿ ಅಮೆರಿಕದಲ್ಲಿ ಭಾರೀ ಆರ್ಥಿಕ ಕುಸಿತವಾಯ್ತು. ದೂರದೂರದ ವರ್ತಕರಿಗೆ ಸಾಲದ ಮೇಲೆ ಮಾಲು ಕಳಿಸಿದವರೆಲ್ಲ ಕೈಸುಟ್ಟುಕೊಂಡರು. ಟ್ಯಾಪನ್ ಸಹೋದರರ ರೇಷ್ಮೆ ವ್ಯಾಪಾರವೂ ಅದರಲ್ಲಿ ಮುಳುಗಿತು. ಅವರಲ್ಲಿ ಲೂಯಿಸ್ ಟ್ಯಾಪನ್ ಅನ್ನುವಾತ 1841ರಲ್ಲಿ 'ಮರ್ಕೆಂಟೈಲ್ ಏಜೆನ್ಸಿ' ಶುರು ಮಾಡಿದ. ಊರೂರಿನ ವಕೀಲರಿಂದ ಅಲ್ಲಿನ ವರ್ತಕರ ಬಗ್ಗೆ ವರದಿ ತರಿಸೋದು, ಅದನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಡೋದು, ದುಡ್ಡು ಕೊಟ್ಟವರಿಗೆ ಓದಿ ಹೇಳೋದು. ಇಷ್ಟೇ ಕೆಲಸ. ವರದಿ ಕಳಿಸುತ್ತಿದ್ದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬರು. ಆ ಪುಸ್ತಕಗಳಲ್ಲಿ 2,500ಕ್ಕೂ ಹೆಚ್ಚು ಸಂಪುಟಗಳು ಇವತ್ತಿಗೂ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ. ಅವುಗಳಲ್ಲಿ ಅಂಕಿಗಿಂತ ಮಾತೇ ಜಾಸ್ತಿ: ಕುಡೀತಾನಾ, ಮೈಬಗ್ಗಿಸಿ ದುಡೀತಾನಾ, ಆಸ್ತಿ ಎಷ್ಟಿದೆ, ನಂಬಬಹುದಾ.

ನಮ್ಮೂರಿನ ಶೆಟ್ಟರ ತಲೆಯಲ್ಲೂ ಇದೇ ಪುಸ್ತಕ ಇತ್ತು. ಗೂಡು ಮಾರಿದ ಮೇಲೆ ಯಾರು ನೆಟ್ಟಗೆ ಅಂಗಡಿಗೆ ಬರ್ತಾರೆ, ಯಾರು ಹಿಂದಿನ ಬೀದಿಯಲ್ಲಿ ಹೋಗ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು. ನಮ್ಮ ತಾತ ಯಾರ ಹತ್ರಾನೂ ಕೈಗಡ ಕೂಡ ತಗೊಂಡವರಲ್ಲ. ಅದಕ್ಕೇ ಶೆಟ್ಟರು ಅವರು ಕೇಳಿದಷ್ಟು ಕೊಡೋಕೆ ತಯಾರಿದ್ರು. ಅದೇ ತಾತ ಇವತ್ತು ಬ್ಯಾಂಕಿಗೆ ಹೋದ್ರೆ ವರದಿಯಲ್ಲಿ 'ಎನ್‌ಎಚ್' ಅಂತ ಬರುತ್ತೆ. ನೋ ಹಿಸ್ಟರಿ. ಎಂಬತ್ತು ವರ್ಷ ಬದುಕಿದ ಮನುಷ್ಯನಿಗೆ ಚರಿತ್ರೆಯೇ ಇಲ್ಲ!

ಮಾತು ಅಂಕಿಯಾಗಿದ್ದು ಕ್ಯಾಲಿಫೋರ್ನಿಯಾದಲ್ಲಿ. 1956ರಲ್ಲಿ ಬಿಲ್ ಫೇರ್ ಎಂಬ ಎಂಜಿನಿಯರ್, ಅರ್ಲ್ ಐಸಾಕ್ ಎಂಬ ಗಣಿತಜ್ಞ ಸೇರಿ, ತಲಾ 400 ಡಾಲರ್ ಹಾಕಿ ಕಂಪನಿ ಮಾಡಿದರು. 1958ರಲ್ಲಿ ದೇಶದ ದೊಡ್ಡ 50 ಸಾಲ ಕಂಪನಿಗಳಿಗೆ ಪತ್ರ ಬರೆದರು. ಉತ್ತರ ಬಂದಿದ್ದು ಒಂದೇ ಒಂದು. (ಸ್ಟಾರ್ಟಪ್ ಮಾಡಿ ಒದ್ದಾಡ್ತಿರೋ ಗೆಳೆಯರು ಇದನ್ನ ಗೋಡೆಗೆ ಅಂಟಿಸ್ಕೊಳ್ಳಿ.) ಹಳೆಯ ಸಾಲಗಾರರ ದಾಖಲೆ ತೆಗೆದು, ಯಾವ ಲಕ್ಷಣ ಇದ್ದವರು ತೀರಿಸಿದ್ದಾರೆ ಅಂತ ಲೆಕ್ಕ ಹಾಕಿ, ಹೊಸಬರಿಗೆ ಅಂಕ ಕೊಡೋದು ಅವರ ವಿದ್ಯೆ. ಈಗಿನ ಫೈಕೋ ಸ್ಕೋರ್ ಬಂದಿದ್ದು 1989ರಲ್ಲಿ.

ಅದೇ 1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ ಫ್ರೆಸ್ನೋ ಊರಿನ ಸುಮಾರು 60,000 ಮಂದಿಗೆ ಅಂಚೆಯಲ್ಲಿ ಕಾರ್ಡು ಕಳಿಸಿತು. ಯಾರೂ ಕೇಳಿರಲಿಲ್ಲ! ಅಂದರೆ ಬಳಸದ ಕಾರ್ಡು ಅನ್ನೋದು ಕಾರ್ಡು ಹುಟ್ಟಿದ ದಿನವೇ ಹುಟ್ಟಿತು. ಕೇಳದೆ ಕಾರ್ಡು ಕಳಿಸೋದನ್ನು ಅಮೆರಿಕ ನಿಷೇಧಿಸಿದ್ದು 1970ರಲ್ಲಿ.

ನನ್ನ ಪ್ರಕಾರ ನಿಜವಾದ ತಿರುವು ಇಲ್ಲೇ ಇರೋದು. ಶೆಟ್ಟರ ಪುಸ್ತಕದಲ್ಲಿ ನೀವು ತಗೊಂಡಿದ್ದು ಮಾತ್ರ ಇರುತ್ತಿತ್ತು. ನಿಮಗೆ ಎಷ್ಟರವರೆಗೆ ಕೊಡಬಹುದು ಅನ್ನೋದು ಅವರ ಮನಸ್ಸಿನಲ್ಲೇ ಉಳೀತಿತ್ತು. ಕಾರ್ಡು ಬಂದ ಮೇಲೆ ಆ ಮಿತಿಯೂ ಬರಹಕ್ಕೆ ಬಂತು. ಕೊಟ್ಟ ಮಿತಿಯಲ್ಲಿ ಎಷ್ಟನ್ನು ಮುಟ್ಟಿದ್ದೀರಿ ಅನ್ನೋದೇ ಒಂದು ಅಳತೆಯಾಯ್ತು. ಎರಡು ಕಾರ್ಡು, ಒಂದೊಂದಕ್ಕೂ 1 ಲಕ್ಷ ಮಿತಿ, ಒಂದರಲ್ಲಿ ಮಾತ್ರ 40,000 ಖರ್ಚು ಅಂತಿಟ್ಟುಕೊಳ್ಳಿ. ಒಟ್ಟು ಬಳಕೆ 20%. ಸುಮ್ಮನಿರೋ ಕಾರ್ಡನ್ನು ಮುಚ್ಚಿದ ಕೂಡಲೇ ಅದೇ ಖರ್ಚು 40% ಆಗುತ್ತೆ. ನೀವು ಒಂದು ಪೈಸೆ ಜಾಸ್ತಿ ಸಾಲ ಮಾಡಿಲ್ಲ, ಆದ್ರೂ ಯಂತ್ರದ ಕಣ್ಣಿಗೆ ಹಸಿದವರ ಥರ ಕಾಣ್ತೀರಿ. ಫೈಕೋ ಲೆಕ್ಕದಲ್ಲಿ ಬಾಕಿಯ ವಿಷಯಕ್ಕೆ 30% ತೂಕ, ಸಾಲದ ಇತಿಹಾಸದ ವಯಸ್ಸಿಗೆ 15%.

ನಮ್ಮಲ್ಲಿ ಸಿಬಿಲ್ ಸ್ಥಾಪನೆಯಾಗಿದ್ದು 2000ದಲ್ಲಿ, ಕಾನೂನು ಬಂದಿದ್ದು 2005ರಲ್ಲಿ. ಇಲ್ಲಿ ಸ್ಕೋರ್ 300ರಿಂದ 900. ಸೂತ್ರ ಬೇರೆ ಇದ್ದರೂ ಬಳಕೆಯ ಪ್ರಮಾಣ ಇಲ್ಲೂ ಲೆಕ್ಕಕ್ಕೆ ಬರುತ್ತೆ. ಆದರೆ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಇನ್ನೊಂದು ತಿರುವು ಕೊಟ್ಟಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು, ನಿಮಗೆ ತಿಳಿಸಿ, 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕೇ ಮುಚ್ಚಬಹುದು. ಇನ್ನೂ ಆಕ್ಟಿವೇಟ್ ಮಾಡದ ಹೊಸ ಕಾರ್ಡನ್ನು ಸಿಬಿಲ್‌ನಂಥ ಸಂಸ್ಥೆಗಳಿಗೆ ವರದಿ ಮಾಡುವಂತಿಲ್ಲ. ನೀವೇ ಮುಚ್ಚಿ ಅಂತ ಕೇಳಿದರೆ, ಬಾಕಿ ಇಲ್ಲದಿದ್ದರೆ, 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಹಾಗಾಗಿ ಆ ಹುಡುಗರಿಗೆ ನಾನು ಮೊದಲು ಕೇಳೋದು "ವರ್ಷಕ್ಕೆ ಫೀಸ್ ಇದೆಯೇನಪ್ಪಾ?" ಅಂತ. ಬಳಸದ ಕಾರ್ಡಿನ ವಾರ್ಷಿಕ ಶುಲ್ಕ ಗಮನಕ್ಕೆ ಬಾರದೆ ಬಾಕಿ ಉಳಿದು, ಅದೇ ಸುಸ್ತಿ ಅಂತ ವರದಿಯಾದರೆ ಸ್ಕೋರಿಗೆ ಬೀಳೋ ಪೆಟ್ಟು ದೊಡ್ಡದು. ಫೀಸ್ ಇದ್ದರೆ ಮುಚ್ಚಿಸಿ. ಇಲ್ಲದಿದ್ದರೆ ಮೂರ್ನಾಲ್ಕು ತಿಂಗಳಿಗೊಮ್ಮೆ ಆ ಕಾರ್ಡಲ್ಲಿ ಅಮ್ಮನ ಮೊಬೈಲ್ ರೀಚಾರ್ಜ್ ಮಾಡಿಸಿ, ಬಿಲ್ ಬಂದ ದಿನವೇ ಪೂರ್ತಿ ಕಟ್ಟಿಬಿಡಿ.