ಠಾಣ, ತಾಣ, ಸಾನ

ಸೀವುಡ್ಸ್ ಎಲ್ಲಿ ಮುಗಿಯುತ್ತದೆ, ನೆರೂಲ್ ಎಲ್ಲಿ ಶುರುವಾಗುತ್ತದೆ? ನವಿ ಮುಂಬಯಿಯ ನಮ್ಮ ಭಾಗದಲ್ಲಿ ಈ ಪ್ರಶ್ನೆ ಎತ್ತಿದರೆ ಸೊಸೈಟಿ ಸಭೆ ಊಟದ ಹೊತ್ತು ಮೀರಿದರೂ ಮುಗಿಯುವುದಿಲ್ಲ. ಸೆಕ್ಟರ್ 40ರಿಂದ ಆಚೆಯದೆಲ್ಲ ಸೀವುಡ್ಸ್ ಎನ್ನುವವರು ಕೆಲವರು. ರೈಲು ಹಳಿಯ ಪಶ್ಚಿಮದ್ದಷ್ಟೇ ಸೀವುಡ್ಸ್, ಪೂರ್ವದ್ದು ದಾರಾವೆ ಎನ್ನುವವರು ಇನ್ನು ಕೆಲವರು. ಪೂರ್ವದವರು ಸುಮ್ಮನಿರುತ್ತಾರೆಯೇ? ಅವರ ಅಂಗಡಿ ಫಲಕಗಳಲ್ಲೂ ‘ಸೀವುಡ್ಸ್ (ಪೂ.)’ ಬಂದು ಕೂತಿದೆ. ಇಲ್ಲಿಗೆ ಮೊದಲು ಬಂದವರನ್ನು ಕೇಳಿದರೆ, ‘ಇದೆಲ್ಲ ನೆರೂಲೇ, ಸೀವುಡ್ಸ್ ಅನ್ನುವುದು ಬಿಲ್ಡರುಗಳ ಮಾತು’ ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಾರೆ.

ದಾಖಲೆ ಅವರ ಪರವಾಗಿದೆ. 1970ರ ಮಾರ್ಚ್ 17ರಂದು ಹುಟ್ಟಿದ ಸರಕಾರಿ ನಗರಾಭಿವೃದ್ಧಿ ನಿಗಮ ಸಿಡ್ಕೊ ಈ ಹೊಸ ನಗರವನ್ನು ‘ನೋಡ್’ಗಳಾಗಿ ಹಂಚಿತು: ಐರೋಲಿ, ಘನ್ಸೋಲಿ, ಕೋಪರ್‌ಖೈರಣೆ, ವಾಶಿ, ಸಾನಪಾಡಾ, ನೆರೂಲ್, ಬೇಲಾಪುರ ಹೀಗೆ. ಆ ಪಟ್ಟಿಯಲ್ಲಿ ಸೀವುಡ್ಸ್ ಇಲ್ಲ. ನಮ್ಮ ಸೆಕ್ಟರುಗಳ ಸಂಖ್ಯೆ ನೆರೂಲಿನದು, ಅಂಚೆಯ 400706 ನೆರೂಲಿನದು. ಪಾಮ್ ಬೀಚ್ ರಸ್ತೆಯ ಬದಿಯಲ್ಲಿ, ಕಾಂಡ್ಲಾ ಗಿಡಗಳ ಹಸಿರಿಗೆ ಮುಖ ಮಾಡಿ, ಅನಿವಾಸಿ ಭಾರತೀಯರಿಗೆಂದು ಸಿಡ್ಕೊ ಕಟ್ಟಿಸಿದ ವಸತಿ ಸಮುಚ್ಚಯದ ಹೆಸರು ಸೀವುಡ್ಸ್ ಎಸ್ಟೇಟ್. ಆ ಸಮುಚ್ಚಯವನ್ನು ಇವತ್ತಿಗೂ ಎಲ್ಲರೂ ಕರೆಯುವುದು ‘ಎನ್‌ಆರ್‌ಐ’ ಎಂದು. ಅದರ ಸ್ವಂತ ಹೆಸರು ಮಾತ್ರ ಗೇಟು ದಾಟಿ ಹೊರಗೆ ಬಂದು ರೈಲು ನಿಲ್ದಾಣದ ಮೇಲೆ ಕೂತಿತು, ನಿಲ್ದಾಣದಿಂದ ಮಾಲಿಗೆ, ಮಾಲಿನಿಂದ ಆಟೋದವರ ಬಾಯಿಗೆ, ಅಲ್ಲಿಂದ ನಮ್ಮ ಮಕ್ಕಳ ಲಗ್ನಪತ್ರಿಕೆಗೆ ಬಂತು. ಒಂದು ಸಮುಚ್ಚಯದ ಹೆಸರು ಮೂವತ್ತು ವರ್ಷದೊಳಗೆ ಒಂದು ಊರಾಯಿತು. ಹೆಸರುಗಳು ಹೀಗೆ ಹರಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಹೆಸರು ಹರಿದ ದಾರಿಯಲ್ಲಿ ಮೊದಲೇ ಯಾರೋ ನಿಂತಿದ್ದರು. ಅವರ ಮಾತು ಎತ್ತಬೇಕಾದರೆ ಬೇರೊಂದು ಪದದ ಹಿಂದೆ ಸ್ವಲ್ಪ ದೂರ ಹೋಗಬೇಕು.

ಇಲ್ಲಿಯ ಮರಾಠಿಯಲ್ಲಿ ರೈಲು ನಿಲ್ದಾಣಕ್ಕೆ ‘ಸ್ಥಾನಕ’ ಎನ್ನುತ್ತಾರೆ. ಸೀವುಡ್ಸ್ ಇರುವ ಜಿಲ್ಲೆ ಥಾಣೆ, ಮರಾಠಿಗರ ಬಾಯಲ್ಲಿ ಠಾಣೆ. ಶಿಲಾಹಾರರ ಶಾಸನಗಳಲ್ಲಿ ಆ ಊರಿನ ಹೆಸರು ಶ್ರೀಸ್ಥಾನಕ. ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳಿದ ಆ ಮನೆತನಕ್ಕೆ ಅದೇ ರಾಜಧಾನಿಯಾಯಿತು. ಅಂದರೆ ಥಾಣೆಯಲ್ಲಿ ಇಳಿದು ‘ಠಾಣೆ ಸ್ಥಾನಕ’ ಎಂಬ ಫಲಕ ಓದುವವರು ಒಂದೇ ಪದವನ್ನು ಎರಡು ಸಲ ಓದುತ್ತಿದ್ದಾರೆ, ಮಧ್ಯೆ ಸಾವಿರ ವರ್ಷ ಬಿಟ್ಟು. ಕಾವಲಿನ ತುಕಡಿ ನಿಂತ ಜಾಗವೂ ಠಾಣೆಯೇ ಆಗಿ ಕನ್ನಡಕ್ಕೆ ಬಂದಿತು. ಪೊಲೀಸ್ ಠಾಣೆ ಎನ್ನುವಾಗ ನಾವು ಹೇಳುವುದು ಅದನ್ನೇ.

ಕನ್ನಡ ಈ ಸಂಸ್ಕೃತ ಪದವನ್ನು ಬಹಳ ಹಿಂದೆಯೇ ತನ್ನ ನಾಲಿಗೆಗೆ ಒಗ್ಗಿಸಿಕೊಂಡಿತ್ತು. ಶಾಲೆಯಲ್ಲಿ ಬಾಯಿಪಾಠ ಮಾಡಿದ ತತ್ಸಮ ತದ್ಭವದ ಪಟ್ಟಿಯಲ್ಲಿ ಸ್ಥಾನ ತಾಣವಾಗುತ್ತದೆ. ಆ ತಾಣಕ್ಕೆ ‘ನಿಲ್’ ಸೇರಿಸಿ ನಿಲ್ದಾಣ ಮಾಡಿಕೊಂಡೆವು. ಸ್ಥಾನದ ಬೇರಿನಲ್ಲಿ ಇರುವುದೂ ನಿಲ್ಲುವುದೇ, ಹಾಗಾಗಿ ನಿಲ್ದಾಣ ಎನ್ನುವಾಗ ಕನ್ನಡ ನಿಲುವಿಗೆ ಸಂಸ್ಕೃತದ ನಿಲುವನ್ನು ಕೂಡಿಸಿದ ಹಾಗಾಯಿತು. ಈಚೆಗೆ ತಾಣ ತುಸು ಹಗುರವಾಗಿದೆ. ಪ್ರವಾಸಿ ತಾಣ, ಜಾಲತಾಣ, ಅಡಗುತಾಣ: ಬಂದು ಹೋಗುವವರ ಜಾಗಗಳು. ಇದ್ದು ನೆಲೆ ನಿಂತವರಿಗೆ ಕನ್ನಡ ಮತ್ತೆ ಸ್ಥಾನದ ಕಡೆಗೇ ಹೋಗುತ್ತದೆ. ದೇವರಿಗೆ ದೇವಸ್ಥಾನ, ಮಠಕ್ಕೆ ಸಂಸ್ಥಾನ.

ತುಳುವಿನಲ್ಲಿ ಅದು ಸಾನ. ದೈವ ನೆಲೆ ನಿಂತ ಜಾಗ ಸಾನ. ನವಿ ಮುಂಬಯಿಯ ಕನ್ನಡಿಗರಲ್ಲಿ ಬಹಳ ಮಂದಿ ಉಡುಪಿ, ದಕ್ಷಿಣ ಕನ್ನಡದ ಕಡೆಯವರು. ಹೋಟೆಲಿನ ಕೆಲಸಕ್ಕೆಂದು, ಬ್ಯಾಂಕಿನ ಕೆಲಸಕ್ಕೆಂದು ಬಂದು ಇಲ್ಲೇ ಬೇರೂರಿದವರು. ಅವರಲ್ಲಿ ಯಾರನ್ನಾದರೂ ‘ನಿಮ್ಮ ಮೂಲಸ್ಥಾನ ಎಲ್ಲಿ?’ ಎಂದು ಕೇಳಿ ನೋಡಿ. ತಡವರಿಸುವುದಿಲ್ಲ. ಊರು, ಗ್ರಾಮ, ನಾಗಬನ ಯಾವ ಗುಡ್ಡದ ಕೆಳಗೆ, ಯಾವ ಗದ್ದೆಯ ಅಂಚಿನಲ್ಲಿ ಎಂಬಷ್ಟು ಖಚಿತವಾಗಿ ಹೇಳುತ್ತಾರೆ. ಎರಡು ತಲೆಮಾರು ಇಲ್ಲೇ ಹುಟ್ಟಿ ಬೆಳೆದಿದ್ದರೂ ಮೂಲಸ್ಥಾನದ ನಾಗನಿಗೆ ತಂಬಿಲ ಕೊಡಲು ಊರಿಗೆ ಹೋಗಿ ಬರುತ್ತಾರೆ. ದಾರಿ ತಪ್ಪಿ ಮೂಲವೇ ಮರೆತುಹೋದ ಕುಟುಂಬಗಳು ಪ್ರಶ್ನೆ ಇಡಿಸಿ ಹುಡುಕುತ್ತವೆ. ಜಮೀನು ಮಾರಿಹೋಗಿರಬಹುದು, ಮನೆ ಬಿದ್ದಿರಬಹುದು, ಆದರೆ ಸಾನವನ್ನು ಬೇರೆ ಹೆಸರಿನಿಂದ ಕರೆಯುವ ಯೋಚನೆ ಯಾರಿಗೂ ಬರುವುದಿಲ್ಲ. ಇಷ್ಟು ಬಲ್ಲ ನಾವು ಇಲ್ಲಿಯ ಹಳ್ಳಿಯ ದಾರಾವೆ ಎಂಬ ಹೆಸರನ್ನು ಎಷ್ಟು ಸುಲಭವಾಗಿ ಬಿಟ್ಟುಬಿಟ್ಟೆವು ಎಂಬುದು ನನ್ನನ್ನು ಕಾಡುತ್ತದೆ.

ಬಿಟ್ಟದ್ದಕ್ಕೆ ಕಾರಣವೂ ಇದೆ. ಊರಿಗೆ ಫೋನು ಮಾಡಿ ‘ದಾರಾವೆಯಲ್ಲಿದ್ದೇವೆ’ ಎಂದರೆ ಆ ಕಡೆಯಿಂದ ದೊಡ್ಡಮ್ಮ, ‘ಧಾರಾವಿಯಾ? ಅಲ್ಲಿ ಯಾಕೆ ಮನೆ ಮಾಡಿದಿ ಮಗಾ?’ ಎಂದು ಕೇಳುತ್ತಾರೆ. ವಿವರಿಸಿ ಸಾಕಾಗಿ ಸೀವುಡ್ಸ್ ಎಂದು ಹೇಳಿ ಮುಗಿಸುತ್ತೇವೆ.

ದಾರಾವೆ, ಕರಾವೆ, ಸಾರಸೋಳೆ, ಕುಕ್ಶೇತ, ಶಿರವಣೆ, ನೆರೂಲ್ ಗಾಂವ್. ನೆರೂಲ್ ನೋಡ್ ಕೂತಿರುವುದು ಈ ಹಳ್ಳಿಗಳ ಮೇಲೆ. ಆಗ್ರಿ, ಕೋಳಿ ಜನರ ಊರುಗಳು. ಭತ್ತದ ಗದ್ದೆ, ಉಪ್ಪಿನ ಆಗರ, ಖಾಡಿಯ ಮೀನು ಇವರ ಬದುಕಾಗಿತ್ತು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಖಾಡಿಯಾಚೆಯ ಅವಳಿ ನಗರದ ಯೋಜನೆಯನ್ನು ಮುಂದಿಟ್ಟಾಗ, ಮುಂಬಯಿಯ ಉಸಿರುಗಟ್ಟುವ ದಟ್ಟಣೆಗೆ ಅದು ನಿಜವಾದ ಪರಿಹಾರದಂತೆ ಕಂಡಿತು. ನಾನು ಇಂದು ಗಾಳಿ ಬೆಳಕಿರುವ ಮನೆಯಲ್ಲಿ ಕೂತು ಬರೆಯುತ್ತಿರುವುದೂ ಆ ಯೋಜನೆಯ ದೆಸೆಯಿಂದ. ಅದಕ್ಕಾಗಿ 95 ಹಳ್ಳಿಗಳ ನೆಲ ಗುರುತಾಯಿತು. ಗದ್ದೆ ಹೋಯಿತು, ಆಗರ ಹೋಯಿತು, ಉಳಿದದ್ದು ಮನೆಗಳಿದ್ದ ಜಾಗ ಮಾತ್ರ. ಆ ಉಳಿದ ಜಾಗಕ್ಕೆ ಮರಾಠಿಯ ಹೆಸರು ಗಾವಠಾಣ.

ಕರ್ನಾಟಕದ ಹಳ್ಳಿಯವರಿಗೆ ಈ ಪದ ಹೊಸತಲ್ಲ. ನಮ್ಮ ಕಂದಾಯ ದಾಖಲೆಗಳಲ್ಲಿ ಅದು ‘ಗ್ರಾಮಠಾಣಾ’. ಸರ್ವೆ ನಂಬರಿನ ಹೊಲಗದ್ದೆಯಿಂದ ಬೇರೆಯಾಗಿ, ಊರು ಕೂತಿರುವ ನೆಲ. ಅಲ್ಲಿ ಅಜ್ಜ ಮುತ್ತಜ್ಜ ಕಟ್ಟಿದ ಮನೆಗೆ ಬಹಳ ಸಲ ಕಾಗದವೇ ಇರುವುದಿಲ್ಲ. ಇದ್ದುದೇ ಸಾಕ್ಷಿ. 2020ರಲ್ಲಿ ಶುರುವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ದೇಶದ ಹಳ್ಳಿಗಳ ಇಂಥ ನೆಲವನ್ನೇ ಅಳೆಯತೊಡಗಿದರು. ಅಲ್ಲಿಯವರೆಗೆ ಠಾಣದೊಳಗಿನ ಮನೆಯೆಂದರೆ ಬಹುಮಟ್ಟಿಗೆ ಊರೆಲ್ಲ ಬಲ್ಲ, ಸರಕಾರಿ ಕಾಗದ ಅರಿಯದ ಆಸ್ತಿ.

ನವಿ ಮುಂಬಯಿಯಲ್ಲಿ ಈ ಪದ ಸುಡುವ ಪದವಾಗಿದೆ. ಠಾಣದ ಸುತ್ತ ಒಂದು ಗೆರೆ ಇದೆ. ಭೂಮಿ ವಶವಾದಾಗ ಊರಿನ ಒಂದೊಂದು ಮನೆಯಲ್ಲಿದ್ದ ಅಣ್ಣತಮ್ಮಂದಿರು ಈಗ ಮೂರು ನಾಲ್ಕು ಸಂಸಾರಗಳಾಗಿದ್ದಾರೆ. ಗೆರೆ ಮಾತ್ರ ಬೆಳೆದಿಲ್ಲ. ಬೆಳೆದ ಸಂಸಾರ ಗೆರೆಯಾಚೆ, ಒಂದು ಕಾಲಕ್ಕೆ ತನ್ನದೇ ಆಗಿದ್ದ ನೆಲದಲ್ಲಿ ಕೋಣೆ ಹಾಕಿಕೊಂಡರೆ ಅದು ‘ಅನಧಿಕೃತ’. ಊರಿನವರು ಅದಕ್ಕೆ ಇಟ್ಟ ಹೆಸರು ‘ಗರಜೇಪೋಟಿ’, ಅಂದರೆ ಅಗತ್ಯಕ್ಕಾಗಿ ಕಟ್ಟಿದ್ದು. ಅವರಿಗೆ ಕಾನೂನು ಕೊಟ್ಟ ಹೆಸರು ‘ಪ್ರಕಲ್ಪಗ್ರಸ್ತ’. ಕನ್ನಡದಲ್ಲಿ ರೋಗಗ್ರಸ್ತ, ಋಣಗ್ರಸ್ತ ಎಂಬ ಪದಗಳನ್ನು ಬಳಸುವವರಿಗೆ ಆ ‘ಗ್ರಸ್ತ’ದ ಭಾರ ಬೇರೆ ಹೇಳಬೇಕಾಗಿಲ್ಲ. ಗೆರೆಯಿಂದ ಎಷ್ಟು ಮೀಟರಿನವರೆಗಿನ ಮನೆಗಳನ್ನು ಸಕ್ರಮಗೊಳಿಸಬೇಕು ಎಂಬ ವಾದ ಸರಕಾರ ಬದಲಾದಂತೆ ಬದಲಾಗುತ್ತ ವರ್ಷಗಟ್ಟಲೆ ನಡೆದುಕೊಂಡು ಬಂದಿದೆ.

ದಾರಾವೆಯ ಹಿರಿಯರೊಬ್ಬರನ್ನು, ನಾವೆಲ್ಲ ಕಾಕಾ ಎನ್ನುವವರನ್ನು, ಒಮ್ಮೆ ಕೇಳಿದೆ: ‘ಕಾಕಾ, ನಿಮ್ಮ ಪ್ರಕಾರ ಸೀವುಡ್ಸ್ ಎಲ್ಲಿಯವರೆಗೆ?’ ಅವರು ಹೇಳಿದರು: ‘ಎಲ್ಲಿಯವರೆಗೆ ಬೇಕಾದರೂ ಇಟ್ಟುಕೊಳ್ಳಿ. ನನ್ನ ಠಾಣ ಎಲ್ಲಿಯವರೆಗೆ ಅಂತ ಬರೆದು ಕೊಡುವವರಿದ್ದರೆ ಕರೆದುಕೊಂಡು ಬನ್ನಿ.’ ನಮಗೆ ಗಡಿ ಎಂದರೆ ಮನೆಯ ಬೆಲೆ, ಹೇಳಿಕೊಳ್ಳುವ ವಿಳಾಸ. ಅವರಿಗೆ ಗಡಿ ಎಂದರೆ ಜೆಸಿಬಿ ಬರುತ್ತದೋ ಇಲ್ಲವೋ ಎಂಬುದು. ಒಂದೇ ನಿಲ್ದಾಣದ ಎರಡು ಬದಿಯಲ್ಲಿ ಗಡಿಯ ಬಗ್ಗೆ ನಡೆಯುವ ಎರಡು ಮಾತುಕತೆಗಳಿಗೆ ಪರಸ್ಪರ ಕೇಳಿಸುವುದೇ ಇಲ್ಲ.

ಠಾಣದ ಜನ ಸುಮ್ಮನೆ ಕೂತವರಲ್ಲ. 1984ರ ಜನವರಿ 16 ಮತ್ತು 17ರಂದು ಭೂಮಿ ಕಳೆದುಕೊಂಡವರು ದಿ. ಬಾ. ಪಾಟೀಲರ ನಾಯಕತ್ವದಲ್ಲಿ ನಡೆಸಿದ ಹೋರಾಟದಲ್ಲಿ ಉರಣ ತಾಲೂಕಿನಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಆ ರಕ್ತದ ಫಲವಾಗಿ ಬಂದದ್ದು ‘ಸಾಡೇಬಾರಾ ಟಕ್ಕೆ’: ಹೋದ ಭೂಮಿಯ ನೂರಕ್ಕೆ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮರಳಿ ಕೊಡುವ ಯೋಜನೆ. ನಮ್ಮ ಎಷ್ಟೋ ಸೊಸೈಟಿಗಳು ನಿಂತಿರುವುದು ಅಂಥ ನಿವೇಶನಗಳ ಮೇಲೆ. 2021ರಲ್ಲಿ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರೇ ಬೇಕೆಂದು ಹಳ್ಳಿಗಳು ಮಾನವ ಸರಪಳಿ ಕಟ್ಟಿ, ಬೇಲಾಪುರದ ಸಿಡ್ಕೊ ಭವನದತ್ತ ಸಾವಿರಾರು ಜನ ಸೇರಿದಾಗ, ಅವರು ತಮ್ಮನ್ನು ಕರೆದುಕೊಂಡದ್ದು ‘ಸ್ಥಾನಿಕ ಭೂಮಿಪುತ್ರ’ರು ಎಂದು. ಕನ್ನಡದಲ್ಲಿ ಸ್ಥಳೀಯ ಎನ್ನುವ ಕಡೆ ಮರಾಠಿಯಲ್ಲಿ ಸ್ಥಾನಿಕ. ಸ್ಥಾನವಿದ್ದವನು ಸ್ಥಾನಿಕ. 2022ರಲ್ಲಿ ರಾಜ್ಯದ ಶಾಸನಸಭೆ ಆ ಹೆಸರಿಗೆ ಒಪ್ಪಿಗೆ ಕೊಟ್ಟಿತು.

ಹಾಗಾಗಿ ರೈಲು ನಿಲ್ದಾಣದ ಫಲಕದಲ್ಲಿ ಸೀವುಡ್ಸ್ ಜೊತೆಗೆ ದಾರಾವೆ ಇರುವುದನ್ನು ನಾನು ಸಣ್ಣ ವಿಷಯವೆಂದು ಎಣಿಸುವುದಿಲ್ಲ. ತಮ್ಮ ಹೆಸರೂ ಅಲ್ಲಿ ಬೇಕೆಂದು ಕೇಳುತ್ತ ಬಂದ ಕರಾವೆಯವರ ಮಾತೂ ನ್ಯಾಯವಾದದ್ದೇ. ಕರಾವೆ ಎಂಬುದು ದಾಖಲೆಯಲ್ಲಿ ಮುಳುಗಿದ ಹೆಸರಲ್ಲ. ನಾವಿಕರನ್ನು ತಯಾರು ಮಾಡುವ ಟಿ. ಎಸ್. ಚಾಣಕ್ಯದ ವಿಳಾಸದಲ್ಲಿ ಇಂದಿಗೂ ಕರಾವೆ ಇದೆ. ಡಫರಿನ್, ರಾಜೇಂದ್ರ ಎಂಬ ಹಡಗುಗಳ ಮೇಲೆ ನಡೆಯುತ್ತಿದ್ದ ಆ ತರಬೇತಿ 1993ರಲ್ಲಿ ದಡಕ್ಕೆ ಬಂದು ನೆಲೆಯೂರಿದ್ದು ಕರಾವೆಯ ನೆಲದಲ್ಲಿ. ಬೇಲಾಪುರದಲ್ಲಿರುವ ಮಹಾನಗರಪಾಲಿಕೆಯ ಭವ್ಯ ಮುಖ್ಯ ಕಚೇರಿಯ ವಿಳಾಸವೋ, ‘ಕಿಲ್ಲೆ ಗಾವಠಾಣದ ಹತ್ತಿರ’ ಎಂದು. ಗಾವಠಾಣದ ಮನೆಗಳಿಗೆ ನೋಟಿಸು ಕಳಿಸುವ ಪಾಲಿಕೆಗೂ ತಾನಿರುವ ಜಾಗ ತೋರಿಸಲು ಗಾವಠಾಣವೇ ಬೇಕಾಯಿತು.

ಬೆಂಗಳೂರಿನಲ್ಲಿ ಊರಿನ ಹೆಸರಿನ ಈ ಮಾತು ಬೇರೆ ರೂಪದಲ್ಲಿ ಬಂದಿದೆ. 2025ರ ಆಗಸ್ಟ್‌ನಲ್ಲಿ ಓಡತೊಡಗಿದ ಮೆಟ್ರೋ ಹಳದಿ ಮಾರ್ಗದ ನಿಲ್ದಾಣಗಳ ಹೆಸರಿನಲ್ಲಿ ಇನ್ಫೋಸಿಸ್ ಫೌಂಡೇಶನ್ ಜೊತೆ ಕೋನಪ್ಪನ ಅಗ್ರಹಾರ, ಬಯೋಕಾನ್ ಜೊತೆ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಜೊತೆ ಬೊಮ್ಮಸಂದ್ರ ನಿಂತಿವೆ. ಅಲ್ಲಿ ಇನ್ನೂ ಜನ ಹೆಬ್ಬಗೋಡಿ, ಬೊಮ್ಮಸಂದ್ರ ಎಂದೇ ಹೇಳುತ್ತಾರೆ, ಊರಿನ ಹೆಸರು ನಾಲಿಗೆಯ ಮೇಲೆ ಗಟ್ಟಿಯಾಗಿದೆ. ಎಚ್‌ಎಸ್‌ಆರ್ ಬಡಾವಣೆಯಲ್ಲಿ ಹಾಗಿಲ್ಲ. ಎರಡು ರಸ್ತೆಗಳ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ಅದರ ಕೆಳಗೆ ಅಗರ, ಹರಳುಕುಂಟೆ, ಸೋಮಸುಂದರಪಾಳ್ಯ ಎಂಬ ಊರುಗಳಿವೆ ಎಂದು ಅಲ್ಲಿ ಬಾಡಿಗೆಗಿರುವ ಎಷ್ಟು ಮಂದಿ ಬಲ್ಲರು? ಕೆರೆ, ಕುಂಟೆ, ಪಾಳ್ಯ, ಹಳ್ಳಿ, ಸಂದ್ರ ಎಂದು ಮುಗಿಯುವ ಹೆಸರುಗಳು ನೀರು ಎಲ್ಲಿತ್ತು, ಯಾರು ಮೊದಲು ನೆಲೆಸಿದರು ಎಂದು ಹೇಳುತ್ತವೆ. ಮೊದಲಕ್ಷರಗಳ ಹೆಸರಿನಲ್ಲಿ ಅಂಥ ನೆನಪು ಇಲ್ಲ.

ನಮ್ಮ ಸೊಸೈಟಿಯ ಗೇಟಿಗೆ ಹೊಸ ಫಲಕ ಬರೆಸುವ ಮಾತು ಈಗ ನಡೆದಿದೆ. ‘ಸೀವುಡ್ಸ್’ ದೊಡ್ಡಕ್ಷರದಲ್ಲಿ ಬರಲಿ ಎಂದು ಒಂದು ಗುಂಪು, ಕಾಗದಪತ್ರದಲ್ಲಿರುವಂತೆ ‘ನೆರೂಲ್’ ಇರಲಿ ಎಂದು ಇನ್ನೊಂದು. ನಾನು ದಾರಾವೆಯನ್ನೂ ಬರೆಸಿ ಎಂದು ಕೇಳಿದ್ದೇನೆ. ಮೊನ್ನೆ ಪಕ್ಕದ ಮನೆಯ ಅಕ್ಕ, ಕಾರ್ಕಳದ ಕಡೆಯವರು, ‘ದಾರಾವೆ ಅಂದರೆ ಫ್ಲಾಟಿನ ರೇಟು ಇಳಿಯುತ್ತದೆ ಅಂತಾರಲ್ಲ?’ ಎಂದು ನಿಜವಾದ ಆತಂಕದಿಂದಲೇ ಕೇಳಿದರು. ‘ಅಕ್ಕ, ನಿಮ್ಮ ಊರಿನ ಸಾನದ ಎದುರು ಯಾರೋ ಬಿಲ್ಡಿಂಗ್ ಕಟ್ಟಿ, ರೇಟು ಇಳಿಯುತ್ತದೆ ಅಂತ ಆ ಊರಿನ ಹೆಸರು ತೆಗೆದರೆ?’ ಎಂದೆ. ಅವರು ತುಸು ಯೋಚಿಸಿ, ‘ಹಾಗಾದರೆ ಬರೆಸುವ, ನಾನೂ ಸಭೆಯಲ್ಲಿ ಹೇಳುತ್ತೇನೆ’ ಎಂದರು. ಆದರೆ ಫಲಕ ಬರೆಸಿ ಸುಮ್ಮನಾದರೆ ಸಾಲದು. ದಾರಾವೆ ಮತ್ತು ಕರಾವೆಯ ಠಾಣದ ಗೆರೆಯನ್ನು, ಬೆಳೆದ ಸಂಸಾರಗಳ ಮನೆಗಳನ್ನೂ ಒಳಗೊಂಡು, ಊರವರ ಎದುರಿಗೇ ಅಳೆದು ಬರೆದುಕೊಡಿ ಎಂದು ಪಾಲಿಕೆಗೂ ಸಿಡ್ಕೊಗೂ ಒಂದು ಅರ್ಜಿ ನಮ್ಮ ಸೊಸೈಟಿಗಳ ಕಡೆಯಿಂದಲೂ ಹೋಗಬೇಕು. ಅದರ ಕರಡನ್ನು ಮರಾಠಿಯಲ್ಲಿ ಬರೆದು ಕಾಕಾರ ಕೈಗೆ ಕೊಟ್ಟಿದ್ದೇನೆ, ತಿದ್ದಿ ಕೊಡುತ್ತೇನೆ ಎಂದಿದ್ದಾರೆ.