ತಿಂಗಳಿಗೊಮ್ಮೆ ರಕ್ತಪರೀಕ್ಷೆ

ಮಧುಮೇಹದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1921ರ ಇನ್ಸುಲಿನ್ನಿನಿಂದ ಶುರು ಮಾಡುತ್ತಾರೆ. ಅದು ಗೆಲುವಿನ ಕಥೆ. ವೈದ್ಯಚರಿತ್ರೆಯ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಕಾಡಿದ್ದು ಟ್ರೊಗ್ಲಿಟಜೋನ್ ಎಂಬ ಗುಳಿಗೆಯ ಮೂರು ವರ್ಷದ ಆಯುಷ್ಯ.

ಜಪಾನಿನ ಸಾಂಕ್ಯೋ ಕಂಪನಿ ರೂಪಿಸಿದ ಈ ಗುಳಿಗೆ, ದೇಹ ತನ್ನದೇ ಇನ್ಸುಲಿನ್ನಿಗೆ ಮತ್ತೆ ಸ್ಪಂದಿಸುವಂತೆ ಮಾಡುತ್ತಿತ್ತು. 1997ರ ಜನವರಿಯಲ್ಲಿ ಅಮೆರಿಕ ಇದಕ್ಕೆ ‘ರೆಜುಲಿನ್’ ಹೆಸರಿನಲ್ಲಿ ಅನುಮತಿ ಕೊಟ್ಟಿತು. ಮಾರಾಟಕ್ಕೆ ಮುಂಚಿನ ಪ್ರಯೋಗಗಳಲ್ಲೇ ಗುಳಿಗೆ ತೆಗೆದುಕೊಂಡ 2,510 ಜನರ ಪೈಕಿ 48 ಮಂದಿಯಲ್ಲಿ ಲಿವರಿನ ಕಿಣ್ವ ಮಿತಿಯ ಮೂರು ಪಟ್ಟು ದಾಟಿತ್ತು. ಅಂದರೆ ಶೇ. 1.9; ಹುಸಿಗುಳಿಗೆ ನುಂಗಿದವರಲ್ಲಿ ಇದು ಶೇ. 0.6. ಸಣ್ಣ ಸಂಖ್ಯೆ, ನಿಜ. ಆದರೆ ಲಕ್ಷಾಂತರ ಜನ ನುಂಗುವ ಗುಳಿಗೆಗೆ ಸಣ್ಣದಲ್ಲ.

ಬ್ರಿಟನ್ನಿನಲ್ಲಿ ಗ್ಲಾಕ್ಸೋ ವೆಲ್ಕಂ ಅದೇ ವರ್ಷ ಡಿಸೆಂಬರ್ 1ರಂದು ಔಷಧಿಯನ್ನು ವಾಪಸು ಪಡೆಯಿತು. ಅಮೆರಿಕದಲ್ಲಿ ಅದು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾರಾಟವಾಯಿತು. ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಮಾಡಿಸಿ ಎಂಬ ಎಚ್ಚರಿಕೆಯನ್ನು ಔಷಧಿಯ ಚೀಟಿಗೆ ಸೇರಿಸಿದರು, ಮತ್ತೆ ಮತ್ತೆ ಬಿಗಿಗೊಳಿಸಿದರು. ಲಾಸ್ ಏಂಜಲೀಸ್ ಟೈಮ್ಸ್‌ನ ಡೇವಿಡ್ ವಿಲ್ಮನ್ ಬೆನ್ನು ಬಿಡದೆ ಬರೆದರು. 2001ರಲ್ಲಿ ಅವರಿಗೆ ಪುಲಿಟ್ಜರ್ ಬಂತು. 2000ದ ಮಾರ್ಚ್ 21ರಂದು ಗುಳಿಗೆ ನಿಂತಿತು. ಆ ಪತ್ರಿಕೆಯ ವರದಿಗಳು ಎಣಿಸಿದ ಲಿವರ್ ಸಂಬಂಧಿ ಸಾವುಗಳು 63.

ಆಮೇಲೆ ಹೊರಬಂದ ಒಂದು ಅಂಕಿ ನನಗೆ ಸಾವಿನ ಲೆಕ್ಕದಷ್ಟೇ ಮುಖ್ಯ. ಗುಳಿಗೆ ಮುಂದುವರಿಸಿದವರಲ್ಲಿ ಮೂರನೇ ತಿಂಗಳ ಹೊತ್ತಿಗೆ ಹೇಳಿದ ಎಲ್ಲ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ. 5ಕ್ಕಿಂತ ಕಡಿಮೆ. ಎಚ್ಚರಿಕೆ ಕಾಗದದ ಮೇಲೆಯೇ ಉಳಿಯಿತು. ಅಮೆರಿಕದ ಕಥೆಯೇ ಹೀಗಾದರೆ, ಟಿಕೋಟಾದ ದ್ರಾಕ್ಷಿ ತೋಟದಲ್ಲಿ ದಿನಗೂಲಿ ಮಾಡುವಾಕೆ ಪ್ರತಿ ತಿಂಗಳೂ ಒಂದು ಪಗಾರ ಬಿಟ್ಟು, ಬಸ್ ಹತ್ತಿ ವಿಜಯಪುರಕ್ಕೆ ರಕ್ತ ಕೊಡಲು ಬರುತ್ತಾಳೆಯೇ? ಇಂಥ ಎಚ್ಚರಿಕೆ ಬರೆಯುವವರ ಕಣ್ಣ ಮುಂದೆ ಆಕೆ ಇರುವುದಿಲ್ಲ.

ಹಾಗೆಂದು ಇಂದಿನ ‘ಸಕ್ಕರಿ ಗುಳಿಗಿ’ಗಳಿಗೆಲ್ಲ ಹೆದರಬೇಕಿಲ್ಲ. ಅದೇ ಕುಲದ ಪಿಯೋಗ್ಲಿಟಜೋನ್ ಅನ್ನು ಭಾರತ 2013ರ ಜೂನ್‌ನಲ್ಲಿ ತಡೆಹಿಡಿದದ್ದು ಮೂತ್ರಕೋಶದ ಕ್ಯಾನ್ಸರಿನ ಅನುಮಾನದಿಂದ, ಲಿವರಿಗಾಗಿ ಅಲ್ಲ. ಜುಲೈ ಮುಗಿಯುವಷ್ಟರಲ್ಲಿ ಎಚ್ಚರಿಕೆಯೊಂದಿಗೆ ಮತ್ತೆ ಬಿಟ್ಟಿತು. ಈಗ ಅದನ್ನು ಕೆಲವು ವೈದ್ಯರು ಕೊಬ್ಬು ತುಂಬಿದ ಲಿವರಿಗೇ ಬರೆಯುತ್ತಾರೆ. ಹೆದರಿ ಗುಳಿಗೆ ಬಿಟ್ಟವರ ಪಾಡು ಬೇರೆಯೇ ಕಥೆ.

ಬಬಲೇಶ್ವರದ ಕಡೆ ಹಿರಿಯರನ್ನು ಮಾತಾಡಿಸುವಾಗ ನನಗೆ ಹೆಚ್ಚು ಕಂಡದ್ದು ಗುಳಿಗೆಯ ಜೊತೆಗೇ ಸಾಗುವ ಪುಡಿ, ಕಷಾಯ. “ಡಾಕ್ಟರಿಗೆ ಇದನ್ನ ಹೇಳೀರಿ?” ಎಂದರೆ, “ಅದೇನ್ ಔಷಧಾ ಏನ್ರೀ, ಬರೇ ಬೇರು” ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಹಾಳಾದ ಆರು ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಇನ್ನೂ ಮುಗಿದಿಲ್ಲ. ಆದರೆ ಪುಡಿಯ ಪೊಟ್ಟಣದ ಜೊತೆ ಯಾವ ಚೀಟಿಯೂ ಬರುವುದಿಲ್ಲ, ತಿಂಗಳ ಪರೀಕ್ಷೆಯ ಮಾತಂತೂ ದೂರ.

ಔಷಧಿಯ ಅಡ್ಡಪರಿಣಾಮ ದಾಖಲಿಸಲು ದೇಶದಲ್ಲಿ 2010ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮವಿದೆ. ಸಹಾಯವಾಣಿ 1800-180-3024. ಗುಳಿಗೆಯಷ್ಟೇ ಅಲ್ಲ, ಗಿಡಮೂಲಿಕೆಯ ದೂರನ್ನೂ ಅಲ್ಲಿ ಬರೆದುಕೊಳ್ಳುತ್ತಾರೆ.