ಪೊಲೀಸ್ ಹತ್ರ ಯಾಕೆ ಹೋಗ್ಲಿಲ್ಲ? ‘ದ ಗ್ಲೋರಿ’ ಕಥೆಯ ತೂತುಗಳು, ಕೊರಿಯಾ ಕಾನೂನಿನ ಗಡಿಯಾರ

1/8
‘ದ ಗ್ಲೋರಿ’ ನೋಡಿದವರು ಯಾವುದೋ ಒಂದು ಎಪಿಸೋಡಿನಲ್ಲಿ ಕೇಳಿಯೇ ಕೇಳ್ತಾರೆ: ಇಷ್ಟೆಲ್ಲ ಅನುಭವಿಸಿದ ಹುಡುಗಿ ದೊಡ್ಡವಳಾದ ಮೇಲೆ ಸೀದಾ ಪೊಲೀಸ್ ಹತ್ರ ಹೋಗಬಹುದಿತ್ತಲ್ವಾ? ಮೈಮೇಲೆ ಸುಟ್ಟ ಕಲೆಗಳಿವೆ. ಸುಟ್ಟವರು ಯಾರು ಅಂತ ಗೊತ್ತು. ಅವರಲ್ಲೊಬ್ಬಳು ದಿನಾ ಟೀವಿಯಲ್ಲಿ ಹವಾಮಾನ ವರದಿ ಓದ್ತಾಳೆ. ಹಾಗಿದ್ರೂ ಹದಿನೆಂಟು ವರ್ಷ ಸೇಡಿಗೆ ಸಿದ್ಧತೆ ಮಾಡ್ಕೊಂಡು ಕೂರೋದು ಯಾಕೆ? ಕಥೆಯ ಅತಿ ದೊಡ್ಡ ತೂತು ಇದೇ ಅಂತ ತುಂಬಾ ಜನರ ತೀರ್ಪು.

ಅದು ತೂತಲ್ಲ, ಇತಿಹಾಸ. ಈ ಸಲದ ಎಂಟು ಸ್ಲೈಡ್‌ಗಳಲ್ಲಿ ಅದನ್ನೇ ಬಿಡಿಸಿ ನೋಡೋಣ. ನಿಜವಾದ ತೂತುಗಳೂ ಇವೆ, ಅವಕ್ಕೂ ಬರ್ತೀನಿ. ಒಟ್ಟು 16 ಎಪಿಸೋಡ್: ಮೊದಲ ಎಂಟು 2022ರ ಡಿಸೆಂಬರ್ 30ಕ್ಕೆ, ಉಳಿದ ಎಂಟು 2023ರ ಮಾರ್ಚ್ 10ಕ್ಕೆ ಬಂದವು. ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿ, ಮುಂದೆ ಎಲ್ಲ ಗುಟ್ಟೂ ರಟ್ಟಾಗುತ್ತೆ 🙏

2/8
ಕಥೆ ಶುರುವಾಗೋದು 2004ರಲ್ಲಿ. ಬಡ ಮನೆಯ ಮೂನ್ ದೊಂಗ್-ಉನ್ ಹೈಸ್ಕೂಲ್ ಹುಡುಗಿ. ಪಾರ್ಕ್ ಯೊನ್-ಜಿನ್ ಮತ್ತವಳ ಗುಂಪು ಶಾಲೆಯ ಜಿಮ್‌ನಲ್ಲಿ ಅವಳ ಮೈಯನ್ನ ಕೂದಲು ಗುಂಗುರು ಮಾಡೋ ಬಿಸಿ ಕಬ್ಬಿಣದಿಂದ ಸುಡ್ತಾರೆ. ಅತಿಶಯೋಕ್ತಿ ಅನ್ಸಿದ್ರೆ ಒಂದು ಮಾತು ಗಮನಿಸಿ. 2006ರಲ್ಲಿ ಚೊಂಗ್‌ಜು ನಗರದ ಒಂದು ಬಾಲಕಿಯರ ಶಾಲೆಯಲ್ಲಿ ಸಹಪಾಠಿಗಳು ಒಬ್ಬ ಹುಡುಗಿಯನ್ನ ಇಂಥದ್ದೇ ಉಪಕರಣದಿಂದ ಸುಟ್ಟ ಸುದ್ದಿ ಕೊರಿಯಾದ ಪತ್ರಿಕೆಗಳಲ್ಲಿ ಬಂದಿತ್ತು. ಸರಣಿ ಬಂದಾಗ ಅಲ್ಲಿನ ಜನಕ್ಕೆ ಮೊದಲು ನೆನಪಾಗಿದ್ದೇ ಅದು.

ದೊಂಗ್-ಉನ್ ಸುಮ್ಮನೆ ಕೂತಿರಲಿಲ್ಲ ಅನ್ನೋದನ್ನ ನಾವು ಮರೀತೀವಿ. ಅವಳು ಪೊಲೀಸರಿಗೆ ದೂರು ಕೊಡ್ತಾಳೆ. ಠಾಣೆಗೆ ಬಂದ ಶ್ರೀಮಂತರ ಮಕ್ಕಳು ಹಾಗೇ ವಾಪಸ್ ಹೋಗ್ತಾರೆ. ಶಾಲೆ ಬಿಡ್ತೀನಿ ಅಂತ ಕಾರಣ ಬರೆದು ಕೊಟ್ಟರೆ, ಕ್ಲಾಸ್ ಟೀಚರ್ ಕೈಗಡಿಯಾರ ಬಿಚ್ಚಿಟ್ಟು ಅವಳ ಕೆನ್ನೆಗೆ ಬಾರಿಸ್ತಾನೆ. ಕೊನೆಗೆ ಹೆತ್ತ ತಾಯಿಯೇ ಎದುರು ಪಾರ್ಟಿ ಹತ್ರ ದುಡ್ಡು ತಗೊಂಡು ಸಹಿ ಹಾಕಿ ಕೈತೊಳಕೊಳ್ತಾಳೆ.

ಇದರಲ್ಲಿ ಯಾವುದೂ ಹವೆಯಲ್ಲಿ ಹುಟ್ಟಿದ್ದಲ್ಲ. ಶಾಲೆಯ ಹಿಂಸೆ ತಡೆಯೋ ಕಾಯ್ದೆ ಕೊರಿಯಾದಲ್ಲಿ ಜಾರಿಗೆ ಬಂದಿದ್ದೇ 2004ರಲ್ಲಿ, ಆಗಿನ್ನೂ ಅದು ಕಾಗದದ ಹುಲಿ. ಟೀಚರ್ ಕೈಯಿಂದಲೋ ಕೋಲಿಂದಲೋ ಹೊಡೆಯೋದಕ್ಕೆ ದೇಶದ ಮಟ್ಟದಲ್ಲಿ ನಿಷೇಧ ಬಂದಿದ್ದು 2011ರಲ್ಲಿ. ಇನ್ನು ‘ರಾಜಿ’: ಅಲ್ಲಿನ ಕಾನೂನಿನಲ್ಲಿ ಸಾಧಾರಣ ಹಲ್ಲೆಗೆ, ಪೆಟ್ಟು ತಿಂದವರು ಬೇಡ ಅಂದ್ರೆ ಶಿಕ್ಷೆ ಕೊಡೋ ಹಾಗಿಲ್ಲ. ಅದಕ್ಕಿಂತ ದೊಡ್ಡ ಅಪರಾಧದಲ್ಲೂ ರಾಜಿಯಾಗಿದ್ರೆ ಶಿಕ್ಷೆ ಹಗುರ. ಅಪ್ರಾಪ್ತ ಹುಡುಗಿಯ ಪರವಾಗಿ ಪೋಷಕರೇ ರಾಜಿ ಮಾಡ್ಕೊಂಡ್ರೆ ಆ ಹುಡುಗಿಗೆ ಉಳಿಯೋದೇನು?

3/8
ಈಗ ಗಡಿಯಾರದ ವಿಷಯ ⏳

ನಮ್ಮ ದೇಶದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧಗಳಿಗೆ ಕೇಸು ಹಾಕೋಕೆ ಸಾಮಾನ್ಯವಾಗಿ ಕಾಲಮಿತಿ ಇಲ್ಲ. ಆದ್ದರಿಂದ ‘ಈಗಲಾದ್ರೂ ಕಂಪ್ಲೇಂಟ್ ಕೊಡಬಹುದಲ್ಲ’ ಅನ್ನೋದು ನಮಗೆ ತಟ್ಟನೆ ಹೊಳೆಯುತ್ತೆ. ಕೊರಿಯಾದಲ್ಲಿ ಹಾಗಲ್ಲ. ಅಲ್ಲಿ ಕೊಲೆಗೂ ಗಡುವಿತ್ತು! 2007ರ ತನಕ 15 ವರ್ಷ. ಅಷ್ಟು ದಿನ ಸಿಕ್ಕಿಬೀಳದೆ ಇದ್ದರೆ, ಆಮೇಲೆ ಕೊಲೆಗಾರ ತಾನೇ ಬಂದು ಒಪ್ಪಿಕೊಂಡ್ರೂ ಕೇಸು ನಡೆಸೋ ಹಾಗಿರಲಿಲ್ಲ. 2007ರ ಕೊನೆಯಲ್ಲಿ ಅದನ್ನ 25 ವರ್ಷಕ್ಕೆ ಏರಿಸಿದ್ರು, ಆದ್ರೆ ಹಳೆಯ ಅಪರಾಧಗಳಿಗೆ ಹಳೆಯ 15 ವರ್ಷವೇ ಉಳೀತು.

ಗಡುವು ಪೂರ್ತಿ ಹೋಗಿದ್ದು ಒಂದು ಮಗುವಿನ ಹೆಸರಲ್ಲಿ. 1999ರ ಮೇ ತಿಂಗಳಲ್ಲಿ ದೇಗು ನಗರದ ಓಣಿಯೊಂದರಲ್ಲಿ ಆರು ವರ್ಷದ ಕಿಮ್ ತೆ-ವಾನ್ ಮೇಲೆ ಯಾರೋ ಆ್ಯಸಿಡ್ ಸುರಿದರು. ಮಗು 49 ದಿನ ನರಳಿ ತೀರಿಕೊಂಡಿತು. ಹೆತ್ತವರು ಹದಿನಾರು ವರ್ಷ ಬಡಿದಾಡಿದರು. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರ ಕೊನೆಯ ಅರ್ಜಿಯನ್ನ ತಳ್ಳಿಹಾಕಿತು, ಗಡುವು ಮುಗೀತು. ಅದಾಗಿ ಎರಡೇ ವಾರಕ್ಕೆ ಸಂಸತ್ತು ಕೊಲೆಯ ಕಾಲಮಿತಿಯನ್ನೇ ತೆಗೆದುಹಾಕಿತು. ಜನ ಅದನ್ನ ಕರೆಯೋದು ‘ತೆ-ವಾನ್ ಕಾಯ್ದೆ’ ಅಂತ. ತೆ-ವಾನ್ ಕೇಸಿಗೆ ಮಾತ್ರ ಅದು ಅನ್ವಯಿಸಲಿಲ್ಲ. ಗಡುವು ಆಗಲೇ ದಾಟಿತ್ತು.

4/8
ಈ ಲೆಕ್ಕ ಹಿಡ್ಕೊಂಡು ಮತ್ತೆ ಕಥೆಗೆ ಬನ್ನಿ.

ದೊಂಗ್-ಉನ್ ಮೈಮೇಲಾದ ಗಾಯಗಳ ಗಡುವು ಕೊಲೆಯದ್ದಕ್ಕಿಂತ ಎಷ್ಟೋ ಕಡಿಮೆ. ಅವಳು ಫ್ಯಾಕ್ಟರಿಯಲ್ಲಿ ದುಡಿದು, ಓದಿ, ಟೀಚರ್ ಆಗಿ, ಯೊನ್-ಜಿನ್ ಮಗಳ ಕ್ಲಾಸಿಗೇ ಬಂದು ನಿಲ್ಲೋ ಹೊತ್ತಿಗೆ ಕಾನೂನಿನ ಕಣ್ಣಲ್ಲಿ ಆ ಗಾಯಗಳಿಗೆ ಬೆಲೆಯೇ ಉಳಿದಿರೋದಿಲ್ಲ.

ಆದರೆ ಅವಳಿಗಿಂತ ಮುಂಚೆ ಅದೇ ಗುಂಪಿನ ಕೈಗೆ ಸಿಕ್ಕಿದ್ದ ಯೂನ್ ಸೊ-ಹೀ ಸತ್ತಿದ್ದಾಳೆ. ಅದು ಕೊಲೆ. ತೆ-ವಾನ್ ಕಾಯ್ದೆ 2015ರಲ್ಲಿ ಗಡುವು ಇನ್ನೂ ಮುಗಿಯದೇ ಇದ್ದ ಎಲ್ಲ ಕೊಲೆಗಳಿಗೂ ಅನ್ವಯಿಸುತ್ತೆ, ಅಂದರೆ 2000ದ ಆಗಸ್ಟ್‌ನಿಂದ ಈಚೆಗಿನವಕ್ಕೆ. ಹಾಗಾಗಿ 2004ರ ಸೊ-ಹೀ ಸಾವು ಕಾನೂನಿನ ಬಾಗಿಲಲ್ಲಿ ಇನ್ನೂ ಜೀವಂತ. ದೊಂಗ್-ಉನ್ ತನ್ನ ಕಲೆಗಳನ್ನ ಬಿಟ್ಟು ಸೊ-ಹೀಯ ಶವ, ಅವಳ ಕೈಯಲ್ಲಿದ್ದ ಹೆಸರಿನ ಪಟ್ಟಿ ಇವುಗಳ ಬೆನ್ನು ಹತ್ತೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ತನಗೆ ಸಿಗದ ನ್ಯಾಯವನ್ನ ಅವಳು ಸತ್ತವಳ ಹೆಸರಲ್ಲಿ ಕೇಳ್ತಾಳೆ. ಲೇಖಕಿ ಕಿಮ್ ಉನ್-ಸೂಕ್ ಇದನ್ನ ಪಾಠ ಮಾಡಿ ಹೇಳಲ್ಲ. ಅಲ್ಲಿನ ಪ್ರೇಕ್ಷಕರಿಗೆ ಹೇಳೋ ಅಗತ್ಯವೂ ಇರಲಿಲ್ಲ.

5/8
ನಟನೆಗೆ ಬರೋಣ, ಯಾಕಂದ್ರೆ ಈ ಇತಿಹಾಸದ ಭಾರ ಹೊತ್ತಿರೋದು ಮುಖಗಳೇ 🎭

2004ರಲ್ಲಿ ಸಾಂಗ್ ಹೇ-ಕ್ಯೊ ಏನು ಮಾಡ್ತಿದ್ರು ಗೊತ್ತಾ? ‘ಫುಲ್ ಹೌಸ್’ ಅನ್ನೋ ಪ್ರೇಮ-ಹಾಸ್ಯದ ನಾಯಕಿ. 2016ರಲ್ಲಿ ಇದೇ ಕಿಮ್ ಉನ್-ಸೂಕ್ ಬರೆದ ‘ಡಿಸೆಂಡೆಂಟ್ಸ್ ಆಫ್ ದ ಸನ್’ನಲ್ಲಿ ಡಾಕ್ಟರ್. ಕಣ್ಣೀರು, ನಗು, ಪ್ರೀತಿ ಅಂತಲೇ ಜನ ಗುರುತಿಸ್ತಿದ್ದ ಮುಖ ಇಲ್ಲಿ ಬೀಗ ಹಾಕಿದ ಮನೆ ಥರ ಇದೆ. ಸಿಟ್ಟು ಬಂದಾಗ ದನಿ ಏರಲ್ಲ, ಇನ್ನೂ ಇಳಿಯುತ್ತೆ. ಮುಖದಲ್ಲಿ ಏನೂ ಇಲ್ಲ ಅಂತ ಕೆಲವರು ದೂರಿದ್ರು. ಆದ್ರೆ ಚಿಕ್ಕ ದೊಂಗ್-ಉನ್ ಆಗಿ ಜೊಂಗ್ ಜಿ-ಸೊ ಕಿರುಚಿ ಅತ್ತಿದ್ದನ್ನ ನೆನಪಿಸ್ಕೊಳ್ಳಿ. ಆಗ ಕೂಗಿದ್ದು ಯಾರಿಗೂ ಕೇಳಿಸಿರಲಿಲ್ಲ. ಆ ಹುಡುಗಿ ಬೆಳೆದ ಮೇಲೆ ಕೂಗೋದನ್ನ ಬಿಟ್ಟಿರೋದು ಸಹಜವೇ ಅಲ್ವಾ?

ಯೊನ್-ಜಿನ್ ಆಗಿ ಲಿಮ್ ಜಿ-ಯೊನ್ ಪೂರ್ತಿ ವಿರುದ್ಧ ದಾರಿ ಹಿಡೀತಾರೆ: ನಗು, ಸಿಗರೇಟು, ಬೈಗುಳ, ಎಲ್ಲ ಹೊರಗೆ. ತಪ್ಪು ಮಾಡಿದ್ದೀನಿ ಅನ್ನೋ ಭಾವನೆ ಆ ಕಣ್ಣಲ್ಲಿ ಒಂದು ಕ್ಷಣಕ್ಕೂ ಬರೋದಿಲ್ಲ, ಸಿಕ್ಕಿಹಾಕ್ಕೊಂಡೆ ಅನ್ನೋ ಕಿರಿಕಿರಿ ಮಾತ್ರ. 2023ರ ಬೆಕ್‌ಸಾಂಗ್ ಪ್ರಶಸ್ತಿಯಲ್ಲಿ ಸಾಂಗ್ ಹೇ-ಕ್ಯೊ ಅತ್ಯುತ್ತಮ ನಟಿ, ಲಿಮ್ ಜಿ-ಯೊನ್ ಅತ್ಯುತ್ತಮ ಪೋಷಕ ನಟಿ, ಸರಣಿಗೂ ಪ್ರಶಸ್ತಿ.

ನನ್ನ ಲೆಕ್ಕದಲ್ಲಿ ಇಬ್ಬರಿಗಿಂತಲೂ ಒಂದು ಕೈ ಮೇಲು ಯೊಮ್ ಹೇ-ರಾನ್. ಗಂಡನಿಂದ ಪೆಟ್ಟು ತಿನ್ನೋ ಮನೆಗೆಲಸದ ಹ್ಯೊನ್-ನಾಮ್, ಬೇಹುಗಾರಿಕೆಗೆ ಅಂತ ಕಾರು ಓಡಿಸೋದು, ಕ್ಯಾಮೆರಾ ಹಿಡಿಯೋದು ಕಲಿತು ಮಗು ಹಾಗೆ ಖುಷಿಪಡ್ತಾಳಲ್ಲ, ಇಡೀ ಸರಣಿಯಲ್ಲಿ ಬಿಸಿಲು ಬೀಳೋದು ಅಲ್ಲಿ ಮಾತ್ರ. ಪೆಟ್ಟು ತಿಂದವರು ಯಾವಾಗಲೂ ಅಳುಮುಖ ಹಾಕ್ಕೊಂಡೇ ಇರ್ಬೇಕು ಅನ್ನೋ ನಮ್ಮ ನಿರೀಕ್ಷೆಯನ್ನ ಆಕೆಯ ನಗು ಮುರಿಯುತ್ತೆ.

6/8
ಹಾಗಾದ್ರೆ ನಿಜವಾದ ತೂತುಗಳು ಯಾವುವು?

▪️ ಗೋಡೆ ತುಂಬ ಫೋಟೋಗಳು. ಹದಿನೆಂಟು ವರ್ಷ ಇಷ್ಟು ಜಾಗ್ರತೆಯಿಂದ ಹೆಜ್ಜೆ ಇಟ್ಟವಳು ತನ್ನ ಪ್ಲಾನೆಲ್ಲ ಬಾಡಿಗೆ ಮನೆ ಗೋಡೆಗೆ ಅಂಟಿಸಿಡ್ತಾಳಾ? ಅದನ್ನ ಯೊನ್-ಜಿನ್ ಬಂದು ನೋಡಿಯೂ ಬಿಡ್ತಾಳೆ. ಕ್ಯಾಮೆರಾಗೆ ಚೆನ್ನ, ಬುದ್ಧಿಗೆ ಒಪ್ಪಲ್ಲ.

▪️ ಡಾಕ್ಟರ್ ಜೂ ಯೊ-ಜೊಂಗ್. ದುಡ್ಡು, ಆಸ್ಪತ್ರೆ, ಕತ್ತಿ ಹಿಡಿಯೋ ಕೈ, ಮೇಲಿಂದ ತನ್ನದೇ ಒಂದು ಸೇಡಿನ ಕಥೆ! ಕಥೆಗೆ ಏನು ಬೇಕೋ ಅದೆಲ್ಲ ಒಬ್ಬನೇ ಮನುಷ್ಯನ ಹತ್ರ ಇದೆ. ಲಿ ದೊ-ಹ್ಯುನ್ ಮೃದುವಾಗಿ ಅಭಿನಯಿಸಿದ್ದಕ್ಕೆ ಬಚಾವ್.

▪️ ಸೋನ್ ಮ್ಯೊಂಗ್-ಒ ನಾಪತ್ತೆ. ಬೀದಿ ಬೀದಿಗೂ ಸಿಸಿಟಿವಿ ಇರೋ ದೇಶದಲ್ಲಿ ಒಬ್ಬ ಮನುಷ್ಯ ಮಾಯ ಆಗ್ತಾನೆ, ಎಪಿಸೋಡ್‌ಗಟ್ಟಲೆ ಪೊಲೀಸರಿಗೆ ತಲೆನೋವೇ ಇಲ್ಲ.

ತೂತು ಅಂತ ಅನ್ಸಿದ್ರೂ ತೂತಲ್ಲದ್ದೊಂದು: ಪುಟ್ಟ ಯೇ-ಸೊಲ್‌ಗೆ ಬಣ್ಣಗುರುಡು. ಹೆಣ್ಣುಮಕ್ಕಳಲ್ಲಿ ಅಪರೂಪ ಅಲ್ವಾ ಅಂತ ಕೇಳ್ತೀರಿ, ಸರಿಯೇ. ಕೆಂಪು-ಹಸಿರು ಬಣ್ಣಗುರುಡಿನ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಮಗಳಿಗೆ ಬರಬೇಕಂದ್ರೆ ಅಪ್ಪನಿಗೂ ಅದು ಇರ್ಬೇಕು, ಅಮ್ಮ ಕೂಡ ಆ ಜೀನನ್ನ ಹೊತ್ತಿರ್ಬೇಕು. ಅಪ್ಪ ಜೊನ್ ಜೇ-ಜುನ್‌ಗೆ ಇದೆ. ಯೊನ್-ಜಿನ್ ತನಗೇ ಗೊತ್ತಿಲ್ಲದೆ ಅದನ್ನ ಹೊತ್ತಿದ್ದಾಳೆ ಅಂದ್ಕೊಂಡ್ರೆ ಲೆಕ್ಕ ಕೂಡುತ್ತೆ.

7/8
ನನ್ನನ್ನ ಕಾಡೋದು ತೂತುಗಳಲ್ಲ, ಕೊನೆ.

ಮ್ಯೊಂಗ್-ಒ ತಲೆಗೆ ಯೊನ್-ಜಿನ್ ಬಾಟಲಿಯಿಂದ ಹೊಡೆದದ್ದು ನಿಜ. ಆದ್ರೆ ಆಗ ಅವನ ಪ್ರಾಣ ಹೋಗಿರಲಿಲ್ಲ. ಕೊನೆಯ ಪೆಟ್ಟು ಕೊಟ್ಟವಳು ಅದೇ ಗುಂಪಿನಿಂದ ವರ್ಷಗಟ್ಟಲೆ ನರಳಿದ ಇನ್ನೊಬ್ಬಳು. ದೊಂಗ್-ಉನ್ ಅದನ್ನ ಮುಚ್ಚಿಡ್ತಾಳೆ, ಕೊಲೆಯ ಹೊಣೆ ಯೊನ್-ಜಿನ್ ತಲೆಮೇಲೆ ಬೀಳುತ್ತೆ. ನಾವು ಚಪ್ಪಾಳೆ ತಟ್ತೀವಿ.

ಈಗ ಹ್ವಾಸೊಂಗ್ ಕಥೆ ಕೇಳಿ. 1986ರಿಂದ 1991ರ ತನಕ ಆ ಊರಿನ ಸುತ್ತ ಹತ್ತು ಹೆಣ್ಣುಮಕ್ಕಳ ಕೊಲೆ ಆಯ್ತು. ಬೊಂಗ್ ಜೂನ್-ಹೋ 2003ರಲ್ಲಿ ತೆಗೆದ ‘ಮೆಮೊರೀಸ್ ಆಫ್ ಮರ್ಡರ್’ ಇದರ ಮೇಲೆಯೇ. ಎಂಟನೇ ಕೊಲೆಗೆ ಪೊಲೀಸರು 1989ರಲ್ಲಿ ಯೂನ್ ಸೊಂಗ್-ಯೊ ಅನ್ನೋ ಯುವಕನನ್ನ ಹಿಡಿದರು. ಪೋಲಿಯೋದಿಂದ ಕಾಲು ಸ್ವಾಧೀನ ಇಲ್ಲದವರು. ನಿದ್ದೆ ಮಾಡೋಕೆ ಬಿಡದೆ ತಪ್ಪೊಪ್ಪಿಗೆ ಬರೆಸಿಕೊಂಡರು. ಇಪ್ಪತ್ತು ವರ್ಷ ಜೈಲು. 2019ರಲ್ಲಿ ಡಿಎನ್ಎ ಪರೀಕ್ಷೆ ಬೇರೆ ಕೊಲೆಗಾಗಿ ಆಗಲೇ ಜೈಲಲ್ಲಿದ್ದ ಲೀ ಚುನ್-ಜೆಯತ್ತ ಬೊಟ್ಟು ಮಾಡಿತು, ಅವನು ಎಲ್ಲ ಹತ್ತನ್ನೂ ಒಪ್ಪಿಕೊಂಡ. 2020ರ ಡಿಸೆಂಬರ್‌ನಲ್ಲಿ ಯೂನ್ ನಿರಪರಾಧಿ ಅಂತ ತೀರ್ಪಾಯ್ತು, ಕೋರ್ಟ್ ಕ್ಷಮೆ ಕೇಳಿತು. ಲೀ ಚುನ್-ಜೆ ಮೇಲೆ ಹ್ವಾಸೊಂಗ್ ಕೊಲೆಗಳಿಗೆ ಕೇಸೇ ಇಲ್ಲ. ಗಡುವು 2006ರಲ್ಲೇ ಮುಗಿದಿತ್ತು.

ಒಂದೇ ವ್ಯವಸ್ಥೆ ನಿಜವಾದ ಕೊಲೆಗಾರನಿಗೆ ಗಡಿಯಾರ ತೋರಿಸಿ ಬಿಟ್ಟಿತು, ಮಾಡದವರಿಂದ ಇಪ್ಪತ್ತು ವರ್ಷ ಕಿತ್ತುಕೊಂಡಿತು. ಯೊನ್-ಜಿನ್ ನಿರಪರಾಧಿ ಅಂತ ನಾನು ಹೇಳ್ತಿಲ್ಲ, ಸೊ-ಹೀ ರಕ್ತ ಅವಳ ಕೈಮೇಲಿದೆ. ಆದ್ರೆ ‘ಕೆಟ್ಟವಳೇ ತಾನೆ, ಯಾವ ಕೇಸಲ್ಲಿ ಒಳಗೆ ಹೋದ್ರೇನು’ ಅನ್ನೋ ಸಮಾಧಾನ ಇದೆಯಲ್ಲ, ಅದು ಅಪಾಯದ್ದು. ಯೂನ್ ಅವರನ್ನ ಹಿಡಿದ ಪೊಲೀಸರಿಗೂ ಬೇಕಾಗಿದ್ದಿದ್ದು ಯಾರೋ ಒಬ್ಬರು ಒಳಗೆ ಹೋಗೋದಷ್ಟೇ.

8/8
ಪರದೆಯ ಹೊರಗೂ ಕಥೆ ನಡೀತು. ಎರಡು ಭಾಗಗಳ ನಡುವೆ, 2023ರ ಫೆಬ್ರವರಿಯಲ್ಲಿ, ಕೊರಿಯಾದ ರಾಷ್ಟ್ರೀಯ ತನಿಖಾ ಕಚೇರಿಯ ಮುಖ್ಯಸ್ಥರಾಗಿ ನೇಮಕಗೊಂಡ ಚುಂಗ್ ಸುನ್-ಸಿನ್ ಮರುದಿನವೇ ಹಿಂದೆ ಸರಿದ್ರು. ಮಗ ಹೈಸ್ಕೂಲಲ್ಲಿ ಸಹಪಾಠಿಗೆ ಕೊಟ್ಟ ಕಿರುಕುಳ, ಅವನನ್ನ ಬೇರೆ ಶಾಲೆಗೆ ಕಳಿಸೋ ಆದೇಶದ ವಿರುದ್ಧ ಕುಟುಂಬ ಸುಪ್ರೀಂ ಕೋರ್ಟ್ ತನಕ ಹೋಗಿದ್ದು, ಎರಡೂ ಮತ್ತೆ ಸುದ್ದಿಯಾಗಿತ್ತು. ಎರಡನೇ ಭಾಗ ಬಂದ ಎರಡೇ ದಿನಕ್ಕೆ ನಿರ್ದೇಶಕ ಆನ್ ಗಿಲ್-ಹೋ ತಾವೇ ವಿದ್ಯಾರ್ಥಿಯಾಗಿದ್ದಾಗ ಹಿಂಸೆ ಮಾಡಿದ್ದನ್ನ ಒಪ್ಪಿಕೊಂಡು ಕ್ಷಮೆ ಕೇಳಿದ್ರು. ಏಪ್ರಿಲ್‌ನಲ್ಲಿ ಸರ್ಕಾರ ಶಾಲಾ ಹಿಂಸೆಯ ದಾಖಲೆಯನ್ನ ಉಳಿಸೋ ಅವಧಿ ಎರಡರಿಂದ ನಾಲ್ಕು ವರ್ಷಕ್ಕೆ ಏರಿಸ್ತೀವಿ, ಕಾಲೇಜು ಪ್ರವೇಶದಲ್ಲೂ ಅದನ್ನ ನೋಡ್ತೀವಿ ಅಂತ ಘೋಷಿಸಿತು.

ನಾಲ್ಕು ವರ್ಷ. ಮತ್ತೆ ಗಡಿಯಾರವೇ ನೋಡಿ. ಕಾನೂನಿಗೆ ಎಲ್ಲೋ ಒಂದು ಗೆರೆ ಎಳೀಲೇಬೇಕು, ಆ ಕಷ್ಟ ಅರ್ಥ ಆಗುತ್ತೆ. ಆದ್ರೆ ದೊಂಗ್-ಉನ್ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕ್ಕೊಂಡೇ ಇರ್ತಾಳೆ. ಕಲೆಗೆ ಗಡುವು ಅಂತ ಇಲ್ಲ.

ನಿಮಗೆ ಹೇಗನ್ಸುತ್ತೆ: ಕೊನೆಯಲ್ಲಿ ದೊಂಗ್-ಉನ್ ಆ ಸತ್ಯ ಮುಚ್ಚಿಟ್ಟಿದ್ದು ಸರಿಯಾ? ಕೆಳಗೆ ಬರೀರಿ. ಪೊಲೀಸ್ ಹತ್ರ ಯಾಕೆ ಹೋಗ್ಲಿಲ್ಲ ಅಂತ ಕೇಳೋ ಫ್ರೆಂಡ್‌ಗೆ ಇದನ್ನ ಕಳಿಸಿ 😊

#ದಗ್ಲೋರಿ #ಕೊರಿಯನ್‌ಡ್ರಾಮಾ #ಇತಿಹಾಸ #ಕನ್ನಡದಲ್ಲಿ